ಪಹಣಿ ಒಂದೇ ಸಾಲದು: ಹಳ್ಳಿಯ ಕೃಷಿ ಜಮೀನು ಮತ್ತು ತೆರಿಗೆ ವಿನಾಯಿತಿ

ತೆರಿಗೆ ಸಲಹೆಗಾರನಾಗಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಯಾವುದೆಂದರೆ, "ಸಾರ್, ನಮ್ಮದು ಪಹಣಿಯಲ್ಲಿ ಕೃಷಿ ಜಮೀನು ಅಂತಲೇ ಇದೆ, ನಮಗೆ ತೆರಿಗೆ ಯಾಕೆ ಬರುತ್ತದೆ?" ಎಂಬುದು. ಈ ಮಾತನ್ನು ಹೇಳುವವರು ಬಹುಮಟ್ಟಿಗೆ ಜಮೀನು ಮಾರಿ, ಹಣ ಹಂಚಿಕೊಂಡು, ಮಗಳ ಮದುವೆಯನ್ನೋ ಮನೆಯ ಗೃಹಪ್ರವೇಶವನ್ನೋ ಮುಗಿಸಿದ ಮೇಲೆ ಆದಾಯ ತೆರಿಗೆ ಇಲಾಖೆಯ ನೋಟಿಸನ್ನು ಹಿಡಿದುಕೊಂಡು ಬಂದವರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಮಾರಾಟಕ್ಕೆ ಮೊದಲೇ ತಿಳಿದಿದ್ದರೆ ಅವರಲ್ಲಿ ಅನೇಕರು ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಬೇಕಾಗಿರಲಿಲ್ಲ. ಆ ಉಳಿದ ಅರ್ಧವನ್ನು ನಿಮ್ಮ ಮುಂದಿಡುವುದಕ್ಕಾಗಿಯೇ ನಾನು ಇಲ್ಲಿಗೆ ಬಂದಿದ್ದೇನೆ.

ಒಂದು ಹೊಲದ ಮೇಲೆ ಬೀಳಬಹುದಾದ ತೆರಿಗೆ ಒಂದೇ ಅಲ್ಲ ಎಂಬುದನ್ನು ಮೊದಲು ಗಮನಿಸಿ. ಭೂಕಂದಾಯವನ್ನು ರಾಜ್ಯ ಸರ್ಕಾರ ವಸೂಲು ಮಾಡುತ್ತದೆ. ಅದರ ಮೊತ್ತ ಇವತ್ತು ಯಾರಿಗೂ ಭಾರವಲ್ಲ. ಎರಡನೆಯದು ಗ್ರಾಮ ಪಂಚಾಯಿತಿಯ ಆಸ್ತಿ ತೆರಿಗೆ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪಂಚಾಯಿತಿಯು ಕಟ್ಟಡಗಳ ಮೇಲೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಾಗಗಳ ಮೇಲೆ ತೆರಿಗೆ ಹಾಕುತ್ತದೆ. ಅಂದರೆ ಉಳುವ ಹೊಲಕ್ಕೆ ಪಂಚಾಯಿತಿಯ ತೆರಿಗೆ ಇಲ್ಲ; ಅದೇ ಹೊಲವನ್ನು ಜಿಲ್ಲಾಧಿಕಾರಿಗಳ ಆದೇಶದಿಂದ ಕೃಷಿಯೇತರ ಬಳಕೆಗೆ ಪರಿವರ್ತನೆ ಮಾಡಿಸಿದ ದಿನದಿಂದ ಅದು ಪಂಚಾಯಿತಿಯ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಮೂರನೆಯದು ಆದಾಯ ತೆರಿಗೆ. ಇದಕ್ಕೆ ಎರಡು ಮುಖಗಳಿವೆ: ಪ್ರತಿ ವರ್ಷದ ಬೆಳೆಯ ಆದಾಯ ಒಂದು, ಜಮೀನನ್ನೇ ಮಾರಿದಾಗ ಬರುವ ಲಾಭ ಇನ್ನೊಂದು. ರೈತರು ಎಡವುವುದು ಈ ಎರಡನೆಯ ಮುಖದಲ್ಲಿ. ಆದ್ದರಿಂದ ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತೇನೆ.

ಕೃಷಿ ಆದಾಯಕ್ಕೆ ಕೇಂದ್ರ ಸರ್ಕಾರ ತೆರಿಗೆ ಹಾಕುವುದಿಲ್ಲ ಎನ್ನುವುದು ಯಾವುದೋ ಒಂದು ಸರ್ಕಾರ ತೋರಿಸಿದ ಔದಾರ್ಯವಲ್ಲ. ಅದು ಸಂವಿಧಾನದ ಏಳನೆಯ ಅನುಸೂಚಿಯಲ್ಲಿರುವ ಹಂಚಿಕೆ. ಕೇಂದ್ರಪಟ್ಟಿಯ 82ನೆಯ ನಮೂದು ಕೃಷಿ ಆದಾಯವನ್ನು ಬಿಟ್ಟು ಉಳಿದ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ರಾಜ್ಯಪಟ್ಟಿಯ 46ನೆಯ ನಮೂದು ಕೃಷಿ ಆದಾಯದ ತೆರಿಗೆಯನ್ನು ರಾಜ್ಯಗಳಿಗೆ ಬಿಟ್ಟಿದೆ. ನಮ್ಮ ರಾಜ್ಯದಲ್ಲಿ 1957ರ ಕೃಷಿ ಆದಾಯ ತೆರಿಗೆ ಕಾಯ್ದೆ ಬಂದದ್ದು ಈ ಅಧಿಕಾರದಿಂದಲೇ, ಮತ್ತು ಅದರ ಬಿಸಿಯನ್ನು ಹೆಚ್ಚು ಕಂಡವರು ಮಲೆನಾಡಿನ ತೋಟದವರು.

ಹಾಗಾದರೆ ಕೃಷಿ ಎಂದರೇನು? 1957ರಲ್ಲಿ ಸುಪ್ರೀಂ ಕೋರ್ಟ್ ರಾಜಾ ಬಿನೊಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಕೊಟ್ಟ ಉತ್ತರವೇ ಇಂದಿಗೂ ಆಧಾರ. ಪ್ರಶ್ನೆ ಇದ್ದದ್ದು ಒಂದು ಕಾಡಿನ ಮರಗಳ ಆದಾಯದ ಬಗ್ಗೆ. ನೆಲವನ್ನು ಉಳುವುದು, ಬಿತ್ತುವುದು, ನೆಡುವುದು ಮೊದಲಾದ ಮೂಲ ಕೆಲಸಗಳು ಮನುಷ್ಯನ ಶ್ರಮದಿಂದ ನಡೆದಿದ್ದರೆ ಮಾತ್ರ ಅದು ಕೃಷಿ. ಕಳೆ ಕೀಳುವುದು, ಸವರುವುದು, ಕಾಯುವುದು, ಕೊಯ್ಯುವುದು ಮುಂತಾದ ನಂತರದ ಕೆಲಸಗಳು ಆ ಮೂಲ ಕೆಲಸಗಳ ಮುಂದುವರಿಕೆಯಾಗಿದ್ದರೆ ಅವೂ ಕೃಷಿಯೇ. ಆದರೆ ತಾನಾಗಿ ಬೆಳೆದ ಮರವನ್ನು ಕಾದು ಕಡಿದು ಮಾರುವುದಷ್ಟೇ ಆದರೆ ಅದು ಕೃಷಿಯಲ್ಲ ಎಂದು ನ್ಯಾಯಾಲಯ ಹೇಳಿತು. ನೆಲದ ಮೇಲೆ ದುಡಿಮೆ ನಡೆದಿರಬೇಕು ಎನ್ನುವ ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಬಹುತೇಕ ವಿಷಯಗಳು ಇದರಿಂದಲೇ ಹೊರಡುತ್ತವೆ.

ಬೆಳೆದದ್ದನ್ನು ಮಾರುಕಟ್ಟೆಗೆ ಒಯ್ಯುವಂತೆ ಮಾಡಲು ಬೆಳೆಗಾರನು ಸಾಮಾನ್ಯವಾಗಿ ಮಾಡುವ ಸಂಸ್ಕರಣೆಯೂ ಕೃಷಿಯೊಳಗೇ ಸೇರುತ್ತದೆ. ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಮಾರಿದರೆ, ತೆಂಗನ್ನು ಕೊಬ್ಬರಿ ಮಾಡಿ ಮಾರಿದರೆ ಅನುಮಾನವಿಲ್ಲ. ಅದಕ್ಕಿಂತ ಮುಂದೆ ಹೋದರೆ ಕಾನೂನು ಆದಾಯವನ್ನು ಸೀಳುತ್ತದೆ. ಕಾಫಿಯನ್ನು ಬೆಳೆದು ಕ್ಯೂರಿಂಗ್ ಮಾಡಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹದಮಾಡಿ, ಮಾರಿದ ಬೆಳೆಗಾರನ ಆದಾಯದಲ್ಲಿ ಶೇ. 25ನ್ನು ವ್ಯಾಪಾರದ ಆದಾಯವೆಂದೂ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40ನ್ನು ವ್ಯಾಪಾರದ ಆದಾಯವೆಂದೂ ಎಣಿಸಲಾಗುತ್ತದೆ.

ರೇಷ್ಮೆಯ ಸೀಮೆಯವರು ಇಲ್ಲಿ ಕೆಲವರಿದ್ದೀರಿ, ಆದ್ದರಿಂದ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಮಾತು ಹೇಳುತ್ತೇನೆ. ಹಿಪ್ಪುನೇರಳೆ ಸೊಪ್ಪು ಬೆಳೆಯುವುದು ಕೃಷಿ, ಅದರಲ್ಲಿ ತಕರಾರಿಲ್ಲ. ಆ ಸೊಪ್ಪನ್ನು ಹುಳುವಿಗೆ ಮೇಯಿಸಿ ಗೂಡು ಮಾರಿದರೆ ಅದು ಕೃಷಿ ಆದಾಯವಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಮಾರುಕಟ್ಟೆಗೆ ಬಂದದ್ದು ನೆಲದ ಬೆಳೆಯಲ್ಲ, ಹುಳು ಕಟ್ಟಿದ ಗೂಡು ಎಂಬುದು ಅದರ ತರ್ಕ. ಸೊಪ್ಪು ಬೆಳೆಯುವ ಕೈಯೇ ಹುಳು ಸಾಕುವ ಕೈಯೂ ಆಗಿರುವ ನಮ್ಮ ಮನೆಗಳಲ್ಲಿ ಈ ಭೇದ ಒಪ್ಪಲು ಕಷ್ಟವಾಗುತ್ತದೆ ಎಂದು ನನಗೆ ಗೊತ್ತು, ನನಗೂ ಆ ತೀರ್ಪು ಬೆಳೆಗಾರನ ಬದುಕಿನಿಂದ ದೂರವೆಂದೇ ತೋರುತ್ತದೆ. ಆದರೂ ಇಂದಿನ ಕಾನೂನು ಅದು. ಹಾಲು, ಕೋಳಿ, ತೋಟದ ಮನೆಯನ್ನು ಹೋಂಸ್ಟೇ ಮಾಡಿ ಬರುವ ಬಾಡಿಗೆ, ಇವೂ ಕೃಷಿ ಆದಾಯವಲ್ಲ. ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಮಾರಾಟವನ್ನು ಮಾತ್ರ ಕಾನೂನು ತಾನಾಗಿಯೇ ಕೃಷಿ ಆದಾಯವೆಂದು ಒಪ್ಪಿಕೊಂಡಿದೆ.

ಊರಿನಲ್ಲಿ ತೋಟವಿಟ್ಟುಕೊಂಡು ಪಟ್ಟಣದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ವಿಷಯ. 1972ರಲ್ಲಿ ಕೆ. ಎನ್. ರಾಜ್ ಸಮಿತಿ ವರದಿ ಕೊಟ್ಟ ಮೇಲೆ, 1973ರ ಹಣಕಾಸು ಕಾಯ್ದೆಯಿಂದ ಕೃಷಿ ಆದಾಯವನ್ನು ದರದ ಲೆಕ್ಕಕ್ಕೆ ಮಾತ್ರ ಸೇರಿಸಿಕೊಳ್ಳುವ ಪದ್ಧತಿ ಬಂತು. ಸಂಬಳದ ಆದಾಯ ಎಲ್ಲ ಕಡಿತಗಳ ನಂತರ 14 ಲಕ್ಷ, ಅಡಿಕೆಯ ನಿವ್ವಳ ಆದಾಯ 6 ಲಕ್ಷ ಎಂದಿಟ್ಟುಕೊಳ್ಳಿ. ಹೊಸ ಪದ್ಧತಿಯ 2025-26ರ ದರಗಳಲ್ಲಿ ಒಟ್ಟು 20 ಲಕ್ಷಕ್ಕೆ ತೆರಿಗೆ 2 ಲಕ್ಷ ರೂಪಾಯಿ. ಕೃಷಿಯ 6 ಲಕ್ಷಕ್ಕೆ, ತೆರಿಗೆಯೇ ಇಲ್ಲದ ಮೂಲ ಮಿತಿಯಾದ 4 ಲಕ್ಷ ಸೇರಿಸಿದ 10 ಲಕ್ಷಕ್ಕೆ ತೆರಿಗೆ 40,000. ಎರಡರ ವ್ಯತ್ಯಾಸ 1,60,000. ಕೃಷಿ ಆದಾಯವನ್ನು ತೋರಿಸದೆ ಹೋಗಿದ್ದರೆ 90,000 ಆಗುತ್ತಿತ್ತು. ಅಡಿಕೆಯ ಮೇಲೆ ತೆರಿಗೆ ಇಲ್ಲ, ಆದರೆ ಅಡಿಕೆಯಿಂದಾಗಿ ಸಂಬಳದ ಮೇಲಿನ ತೆರಿಗೆ 70,000 ಹೆಚ್ಚಿತು. ಹಾಗೆಂದು ಕೃಷಿ ಆದಾಯವನ್ನು ರಿಟರ್ನ್‌ನಲ್ಲಿ ಮುಚ್ಚಿಡಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ತಪ್ಪು ಎಂಬುದು ಹಾಗಿರಲಿ; ಇಂದು ತೋರಿಸಿದ ಆ ಆದಾಯವೇ ನಾಳೆ ಜಮೀನು ಮಾರುವಾಗ ಅಲ್ಲಿ ಬೇಸಾಯ ನಡೆದಿತ್ತು ಎನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಕ್ಷಿ.

ಇನ್ನು ಮಾರಾಟದ ವಿಷಯ. 1970ರವರೆಗೆ ಭಾರತದ ಯಾವ ಕೃಷಿ ಜಮೀನನ್ನು ಮಾರಿದರೂ ಬಂಡವಾಳ ಲಾಭದ ತೆರಿಗೆ ಇರಲಿಲ್ಲ. ಊರುಗಳು ಹಬ್ಬಿ, ಪಕ್ಕದ ಹೊಲಗಳು ಸೈಟುಗಳ ಬೆಲೆಗೆ ಮಾರಾಟವಾಗತೊಡಗಿದಾಗ ಆ ವರ್ಷದ ಹಣಕಾಸು ಕಾಯ್ದೆ ಪಟ್ಟಣದ ಒಳಗಿನ ಮತ್ತು ಪಟ್ಟಣಕ್ಕೆ ಹತ್ತಿರದ ಜಮೀನನ್ನು ತೆರಿಗೆಗೆ ತಂದಿತು. ಹತ್ತಿರ ಎಂದರೆ ಎಷ್ಟು ಎಂಬುದನ್ನು ಮೊದಲು ಊರೂರಿಗೆ ಅಧಿಸೂಚನೆಯಲ್ಲಿ ಗೊತ್ತುಮಾಡುತ್ತಿದ್ದರು. 2013ರ ತಿದ್ದುಪಡಿಯ ನಂತರ ಅಳತೆ ಕಾಯ್ದೆಯೊಳಗೇ ಬಂದಿದೆ. ಜಮೀನು 10,000 ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಪುರಸಭೆ, ನಗರಸಭೆ, ಪಾಲಿಕೆ, ದಂಡು ಪ್ರದೇಶ ಯಾವುದರ ಒಳಗೂ ಇರಬಾರದು. ಹೊರಗಿದ್ದರೆ, 10,000 ದಾಟಿ 1 ಲಕ್ಷದವರೆಗಿನ ಊರಿನ ಗಡಿಯಿಂದ 2 ಕಿಲೋಮೀಟರ್, 1 ಲಕ್ಷ ದಾಟಿ 10 ಲಕ್ಷದವರೆಗಿನ ಊರಿನ ಗಡಿಯಿಂದ 6 ಕಿಲೋಮೀಟರ್, 10 ಲಕ್ಷ ದಾಟಿದ ನಗರದ ಗಡಿಯಿಂದ 8 ಕಿಲೋಮೀಟರ್ ಆಚೆ ಇರಬೇಕು. 1961ರ ಕಾಯ್ದೆಯ ಸೆಕ್ಷನ್ 2(14) ಇದನ್ನು ಹೇಳುತ್ತಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ, ಈ ಅಳತೆ ಬದಲಾಗಿಲ್ಲ. ನಾನು ಹಳೆಯ ಸಂಖ್ಯೆಗಳಲ್ಲೇ ಮಾತಾಡುತ್ತೇನೆ, ಏಕೆಂದರೆ ಎಲ್ಲ ತೀರ್ಪುಗಳೂ ಅವುಗಳ ಮೇಲೆಯೇ ಇವೆ.

ಈ ಅಳತೆಯಲ್ಲಿ ಜನರು ತಪ್ಪುವ ಜಾಗಗಳನ್ನು ಹೇಳುತ್ತೇನೆ. ದೂರವನ್ನು ಬಸ್ ನಿಲ್ದಾಣದಿಂದಲೋ ತಾಲ್ಲೂಕು ಕಚೇರಿಯಿಂದಲೋ ಎಣಿಸುವುದಿಲ್ಲ, ಪುರಸಭೆಯ ಗಡಿಯಿಂದ ಎಣಿಸುತ್ತಾರೆ. ರಸ್ತೆಯ ದೂರವಲ್ಲ, ಆಕಾಶಮಾರ್ಗದ ನೇರ ದೂರ. 2013ಕ್ಕೆ ಮೊದಲು ರಸ್ತೆಯ ದೂರವನ್ನು ಒಪ್ಪಿದ ಹೈಕೋರ್ಟ್ ತೀರ್ಪುಗಳಿದ್ದವು. ಅವನ್ನು ನಂಬಿ ಇವತ್ತು ಮಾರಿದವರು ಸಿಕ್ಕಿಹಾಕಿಕೊಂಡಿದ್ದಾರೆ. ಕೆರೆಯನ್ನೋ ಗುಡ್ಡವನ್ನೋ ಬಳಸಿಕೊಂಡು ರಸ್ತೆ ಹೋಗುವ ಕಡೆಗಳಲ್ಲಿ ಒಂಬತ್ತು ಕಿಲೋಮೀಟರ್ ಎಂದು ಊರವರು ಹೇಳುವುದು ನೇರ ಅಳತೆಯಲ್ಲಿ ಐದೂವರೆ ಇರಬಹುದು. ಇನ್ನೊಂದು, ಗಡಿ ಕದಲುತ್ತದೆ. ಪಾಲಿಕೆಯೊಂದು ಸುತ್ತಲಿನ ಗ್ರಾಮ ಪಂಚಾಯಿತಿಗಳನ್ನು ತನ್ನೊಳಗೆ ಸೇರಿಸಿಕೊಂಡರೆ, ಒಳಗೆ ಬಿದ್ದ ಜಮೀನುಗಳ ಜೊತೆಗೆ ಆ ಹೊಸ ಗಡಿಯಿಂದಾಚೆಯ ಒಂದು ಪಟ್ಟಿಯೂ ಪಟ್ಟಣದ ಜಮೀನಾಗುತ್ತದೆ. ನಿಮ್ಮ ಹೊಲ ಇದ್ದಲ್ಲೇ ಇರುತ್ತದೆ, ನಿಮ್ಮ ಊರಿನಲ್ಲಿ ಪಂಚಾಯಿತಿಯೇ ಮುಂದುವರಿದಿರುತ್ತದೆ, ಆದರೂ ವಿನಾಯಿತಿ ಹೋಗಿರುತ್ತದೆ.

ಒಂದು ಲೆಕ್ಕ ನೋಡಿ. ತುಮಕೂರಿನ ಜನಸಂಖ್ಯೆ 2011ರ ಗಣತಿಯಲ್ಲಿ 3 ಲಕ್ಷ ದಾಟಿತ್ತು, ಹಾಗಾಗಿ ಅಲ್ಲಿ 6 ಕಿಲೋಮೀಟರ್. ಪಾಲಿಕೆಯ ಗಡಿಯಿಂದ 4 ಕಿಲೋಮೀಟರ್ ದೂರದ ಎರಡು ಎಕರೆ ಪಿತ್ರಾರ್ಜಿತ ಜಮೀನು ಒಂದೂವರೆ ಕೋಟಿಗೆ ಮಾರಾಟವಾಯಿತು, ಇಂಥ ಹಳೆಯ ಜಮೀನಿಗೆ ಕೊಂಡ ಬೆಲೆಯ ಜಾಗದಲ್ಲಿ ಎಣಿಸುವ 2001ರ ಏಪ್ರಿಲ್ 1ರ ಬೆಲೆ 6 ಲಕ್ಷ ಇತ್ತು ಎಂದುಕೊಳ್ಳೋಣ. ಲಾಭ 1 ಕೋಟಿ 44 ಲಕ್ಷ, ಶೇ. 12.5ರ ದರದಲ್ಲಿ ತೆರಿಗೆ 18 ಲಕ್ಷ, ಸರ್ಚಾರ್ಜ್ ಮತ್ತು ಸೆಸ್ ಬೇರೆ. ಅದೇ ಜಮೀನು 7 ಕಿಲೋಮೀಟರ್ ಆಚೆ ಇದ್ದು, ಅಲ್ಲಿ ನಿಜವಾಗಿ ಬೇಸಾಯ ನಡೆಯುತ್ತಿದ್ದರೆ ತೆರಿಗೆ ಸೊನ್ನೆ.

"ನಿಜವಾಗಿ ಬೇಸಾಯ ನಡೆಯುತ್ತಿದ್ದರೆ" ಎಂದೆನಲ್ಲ, ಆ ಮಾತಿಗೆ ಬರುತ್ತೇನೆ. ದೂರದ ಪರೀಕ್ಷೆ ಪಾಸಾದ ಮೇಲೂ ಜಮೀನು ಕೃಷಿ ಜಮೀನೇ ಆಗಿರಬೇಕು. ಹೈದರಾಬಾದಿನ ಬೇಗಂಪೇಟೆ ಅರಮನೆಗೆ ಸೇರಿದ ಸುಮಾರು 108 ಎಕರೆ ಖಾಲಿ ನೆಲದ ಪ್ರಶ್ನೆ ಸಂಪತ್ತು ತೆರಿಗೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಲ್ಲಿ ನೇಗಿಲು ಇಳಿದದ್ದೇ ಇಲ್ಲ. ಆದರೆ ನೆಲ ಬೇಸಾಯಕ್ಕೆ ಯೋಗ್ಯವಾಗಿದೆ, ನೀರಿದೆ, ಆದ್ದರಿಂದ ಕೃಷಿ ಜಮೀನು ಎಂಬುದು ವಾದ. 1976ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬೇಸಾಯ ಮಾಡಬಹುದು ಎಂಬುದು ಸಾಲದು, ಕೃಷಿಯ ಉದ್ದೇಶದೊಂದಿಗೆ ಅದಕ್ಕೆ ನಿಜವಾದ ಸಂಬಂಧವಿರಬೇಕು ಎಂದಿತು. ಮುಂದೆ 1993ರಲ್ಲಿ ಶರೀಫಾಬೀಬಿ ಪ್ರಕರಣದಲ್ಲಿ ಸೂರತ್ ಪಟ್ಟಣದ ಜಮೀನೊಂದರ ಮಾತು ಬಂತು. ಕಂದಾಯ ದಾಖಲೆಯಲ್ಲಿ ಅದು ಕೃಷಿ ಜಮೀನೇ. ಆದರೆ ಮಾರಾಟಕ್ಕೆ ಮೊದಲಿನ ಕೆಲವು ವರ್ಷಗಳಿಂದ ಅಲ್ಲಿ ಬೆಳೆಯಿರಲಿಲ್ಲ, ಕೃಷಿಯೇತರ ಉದ್ದೇಶಕ್ಕೆ ಮಾರಲು ಅನುಮತಿ ಪಡೆಯಲಾಗಿತ್ತು, ಕೊಂಡದ್ದು ವಸತಿ ಸಹಕಾರ ಸಂಘ, ಬೆಲೆ ಕಟ್ಟಿದ್ದು ಚದರ ಗಜದ ಲೆಕ್ಕದಲ್ಲಿ. ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿದ ನ್ಯಾಯಾಲಯ, ಮಾರಾಟದ ದಿನ ಅದು ಕೃಷಿ ಜಮೀನಾಗಿರಲಿಲ್ಲ ಎಂದಿತು.

ಪಹಣಿಗೆ ಬೆಲೆಯೇ ಇಲ್ಲ ಎಂದು ಇದರಿಂದ ತಿಳಿಯಬೇಡಿ. ಪಹಣಿ ನಿಮ್ಮ ಪರವಾದ ಮೊದಲ ಊಹೆಯನ್ನು ಹುಟ್ಟಿಸುತ್ತದೆ. ಅದನ್ನು ಇಲಾಖೆ ಬೇರೆ ಸಾಕ್ಷ್ಯದಿಂದ ಕೆಡಹಬಹುದು. ಕೆಡಹಲು ಬೇಕಾದ ಸಾಕ್ಷ್ಯವನ್ನು ಬಹುಮಟ್ಟಿಗೆ ನಾವೇ ನಮ್ಮ ಕೈಯಾರೆ ಸಿದ್ಧಮಾಡಿ ಕೊಟ್ಟಿರುತ್ತೇವೆ ಎನ್ನುವುದು ನನ್ನ ಅನುಭವ.

ನನ್ನಲ್ಲಿಗೆ ಬಂದ ಮೂವರು ಅಣ್ಣತಮ್ಮಂದಿರ ವಿಷಯ ಹೇಳುತ್ತೇನೆ. ಊರು ಬೇಡ, ಹೆಸರು ಬೇಡ. ಅವರ ನಾಲ್ಕು ಎಕರೆ ಎಲ್ಲ ಪಟ್ಟಣಗಳಿಂದಲೂ ಸಾಕಷ್ಟು ದೂರದಲ್ಲಿತ್ತು, ತಂದೆಯ ಕಾಲದಿಂದ ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ಖುಷ್ಕಿ. ಲೇಔಟ್ ಮಾಡುವವರೊಬ್ಬರು ಬಂದು, "ನಿಮ್ಮ ಹೆಸರಿನಲ್ಲೇ ಕನ್ವರ್ಷನ್ ಮಾಡಿಸಿಕೊಡಿ, ಖರ್ಚೆಲ್ಲ ನನ್ನದು, ಆಮೇಲೆ ನೋಂದಣಿ ಮಾಡಿಸಿಕೊಳ್ಳೋಣ" ಎಂದರು. ಖರ್ಚು ಅವರದೇ ಎಂದ ಮೇಲೆ ನಮಗೇನು ಎಂದು ಇವರು ಸಹಿ ಹಾಕಿದರು. ಪರಿವರ್ತನೆಯ ಆದೇಶ ಬಂದ ಐದು ತಿಂಗಳ ನಂತರ ಕ್ರಯಪತ್ರವಾಯಿತು. ಅಲ್ಲಿಯವರೆಗೆ ಎರಡು ವರ್ಷದಿಂದ ಬಿತ್ತನೆಯನ್ನೂ ನಿಲ್ಲಿಸಿದ್ದರು. ಕ್ರಯಪತ್ರದ ಷೆಡ್ಯೂಲಿನಲ್ಲಿ "ವಸತಿ ಉದ್ದೇಶಕ್ಕೆ ಪರಿವರ್ತಿತವಾದ ಜಮೀನು" ಎಂದೇ ಬರೆಯಲಾಗಿತ್ತು. ನನ್ನ ಮುಂದೆ ಕಾಗದಗಳನ್ನು ಹರಡಿದಾಗ ಅವರಿಗೆ ಹೇಳಲು ನನ್ನಲ್ಲಿ ಒಳ್ಳೆಯ ಮಾತೇನೂ ಉಳಿದಿರಲಿಲ್ಲ. ಪರಿವರ್ತನೆಗೆ ಮೊದಲೇ, ರಾಗಿ ಕೊಯ್ದ ಹೊಲವನ್ನು ಇದ್ದಂತೆಯೇ ಮಾರಿದ್ದರೆ ಮೂವರೂ ಪೂರ್ತಿ ಹಣವನ್ನು ಮನೆಗೆ ಒಯ್ಯುತ್ತಿದ್ದರು. ಹಿರಿಯಣ್ಣ ಮತ್ತೆ ಮತ್ತೆ ಕೇಳಿದ್ದು ಒಂದೇ, "ಸಹಿ ಹಾಕುವ ಮೊದಲು ಯಾರಾದರೂ ಒಬ್ಬರು ಹೇಳಬಾರದಿತ್ತೇ?"

ಮಾರುವವರೇ ಪರಿವರ್ತನೆ ಮಾಡಿಸಿಕೊಡುವ ಈ ರೂಢಿ ನಮ್ಮಲ್ಲಿ ಬೇರೂರಲು ಕಾರಣವಿತ್ತು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು ಇದ್ದಾಗ ಕೃಷಿಕರಲ್ಲದವರು ಕೃಷಿ ಜಮೀನನ್ನು ಕೃಷಿ ಜಮೀನಾಗಿಯೇ ಕೊಳ್ಳುವಂತಿರಲಿಲ್ಲ. ಆದ್ದರಿಂದ ಮೊದಲು ಪರಿವರ್ತನೆ, ನಂತರ ಕ್ರಯ. 2020ರ ತಿದ್ದುಪಡಿಯಲ್ಲಿ ಆ ಸೆಕ್ಷನ್‌ಗಳನ್ನು ತೆಗೆದುಹಾಕಲಾಯಿತು. ಆ ತಿದ್ದುಪಡಿ ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚೆ ದೊಡ್ಡದು, ಈ ಸಭೆಯಲ್ಲಿಯೇ ಎರಡು ಅಭಿಪ್ರಾಯಗಳಿರಬಹುದು. ನಾನು ಹೇಳುವುದು ಇಷ್ಟೇ, ಕೊಳ್ಳುವವರಿಗೆ ಪರಿವರ್ತನೆ ಬೇಕಿದ್ದರೆ ಅವರು ಕೊಂಡ ಮೇಲೆ ತಮ್ಮ ಹೆಸರಿನಲ್ಲಿ ಮಾಡಿಸಿಕೊಳ್ಳಲು ಈಗ ಆ ಅಡ್ಡಿಯಿಲ್ಲ. ಹಳೆಯ ರೂಢಿಗೆ ಒಪ್ಪಿ ನಿಮ್ಮ ವಿನಾಯಿತಿಯನ್ನು ಕಳೆದುಕೊಳ್ಳಬೇಡಿ. ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಂಡು ಜಮೀನಿಗೆ ಬದಲು ಸೈಟುಗಳನ್ನು ಪಡೆಯುವವರಿಗೂ, ತಾವೇ ಸೈಟು ಮಾಡಿ ಮಾರುವವರಿಗೂ ಇನ್ನೂ ಹೆಚ್ಚಿನ ತೊಡಕಿದೆ. ಅಲ್ಲಿ ಕೆಲವೊಮ್ಮೆ ಲಾಭವನ್ನು ವ್ಯಾಪಾರದ ಆದಾಯವೆಂದೇ ಹಿಡಿಯುತ್ತಾರೆ.

ದಾಖಲೆಗಳ ಬಗ್ಗೆ. ಮಾರಾಟಕ್ಕೆ ಹಿಂದಿನ ಮೂರ್ನಾಲ್ಕು ವರ್ಷಗಳ ಪಹಣಿಯನ್ನು ತೆಗೆದು ಬೆಳೆಯ ಕಾಲಂ ನೋಡಿ. ಎಷ್ಟೋ ಕಡೆ ತೆಂಗಿನ ತೋಟವಿರುವ ಸರ್ವೆ ನಂಬರಿಗೆ ಬೆಳೆಯ ಕಾಲಂ ಖಾಲಿ ಇರುತ್ತದೆ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಬೆಳೆ ಸರಿಯಾಗಿ ದಾಖಲಾಯಿತೇ ಎಂದು ಆ ಹಂಗಾಮಿನಲ್ಲೇ ಪರೀಕ್ಷಿಸಿ, ತಪ್ಪಿದ್ದರೆ ಆಗಲೇ ಆಕ್ಷೇಪಣೆ ಕೊಡಿ. ಎಪಿಎಂಸಿಯಲ್ಲಿ ಮಾರಿದ ಚೀಟಿ, ಹಾಲಿಗಲ್ಲದೆ ಬೆಳೆಗಾಗಿ ಸಹಕಾರ ಸಂಘದಿಂದ ಪಡೆದ ಸಾಲದ ಕಾಗದ, ಗೊಬ್ಬರ ಬೀಜದ ರಸೀದಿ, ಪಂಪ್‌ಸೆಟ್ಟಿನ ಸಂಪರ್ಕದ ದಾಖಲೆ, ಬೆಳೆವಿಮೆ ಕಟ್ಟಿದ್ದರೆ ಅದರದ್ದು, ಇವನ್ನು ಒಂದು ಚೀಲದಲ್ಲಿ ಕೂಡಿಡಿ. ದೂರದ ಬಗ್ಗೆ ಮೊಬೈಲ್ ನಕ್ಷೆಯ ಅಳತೆ ಮೊದಲ ಅಂದಾಜಿಗೆ ಸಾಕು; ಮಾರಾಟಕ್ಕೆ ಮುನ್ನ ಪುರಸಭೆಯ ಗಡಿಯಿಂದ ನೇರ ದೂರ ಎಷ್ಟು ಎಂದು ತಹಶೀಲ್ದಾರರಿಂದ ಅಥವಾ ಭೂಮಾಪನ ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಈ ಕಾಗದಗಳ ವಿಷಯದಲ್ಲಿ ಅಕ್ಷರಶಃ ನಿಜ.

ಜಮೀನು ಪಟ್ಟಣದ ಪರಿಧಿಯೊಳಗೆ ಬಿದ್ದಿದ್ದರೆ ದಾರಿ ಮುಚ್ಚಿತೆಂದಲ್ಲ. ಮಾರಾಟಕ್ಕೆ ಹಿಂದಿನ ಎರಡು ವರ್ಷ ನೀವಾಗಲಿ ನಿಮ್ಮ ತಂದೆ ತಾಯಿಯಾಗಲಿ ಅಲ್ಲಿ ಬೇಸಾಯ ಮಾಡಿದ್ದು, ಮಾರಿದ ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ ಸೆಕ್ಷನ್ 54ಬಿ ಅಡಿಯಲ್ಲಿ ಕೊಂಡಷ್ಟರ ಮಟ್ಟಿಗೆ ಲಾಭಕ್ಕೆ ವಿನಾಯಿತಿ ಇದೆ. ತುಮಕೂರಿನ ಉದಾಹರಣೆಯವರು ಶಿರಾ ಕಡೆ 1 ಕೋಟಿಗೆ ಜಮೀನು ಕೊಂಡರೆ ತೆರಿಗೆ ಬೀಳುವುದು ಉಳಿದ 44 ಲಕ್ಷದ ಮೇಲೆ ಮಾತ್ರ. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಕೊಳ್ಳಲಾಗದಿದ್ದರೆ ಆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು; ಉಳಿತಾಯ ಖಾತೆಯಲ್ಲಿಟ್ಟರೆ ಆಗದು. ಕೊಂಡ ಜಮೀನನ್ನು ಮೂರು ವರ್ಷ ಮಾರುವಂತಿಲ್ಲ. ಜಮೀನನ್ನು ಮಾತಿನ ಮೇಲೆ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟವರು ಇಲ್ಲಿ ಎಚ್ಚರವಾಗಿರಬೇಕು, ಏಕೆಂದರೆ ಈ ಸೆಕ್ಷನ್ ನೋಡುವುದು ಬೇಸಾಯ ನಡೆಯಿತೇ ಎಂಬುದನ್ನಷ್ಟೇ ಅಲ್ಲ, ಯಾರು ಮಾಡಿದರು ಎಂಬುದನ್ನೂ. ಸರ್ಕಾರ ಭೂಸ್ವಾಧೀನ ಮಾಡಿಕೊಂಡಾಗ ಬರುವ ಪರಿಹಾರದ ಕಥೆ ಬೇರೆ: 2013ರ ಭೂಸ್ವಾಧೀನ ಕಾಯ್ದೆಯ ಸೆಕ್ಷನ್ 96ರ ಪ್ರಕಾರ ಆ ಕಾಯ್ದೆಯಡಿಯ ಐತೀರ್ಪಿನ (ಅವಾರ್ಡಿನ) ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ, ಮತ್ತು ಇದನ್ನು ಕೇಂದ್ರ ನೇರ ತೆರಿಗೆ ಮಂಡಳಿ 2016ರ ಅಕ್ಟೋಬರಿನ ಸುತ್ತೋಲೆಯಲ್ಲಿ ಒಪ್ಪಿದೆ.

ನಗದು ವ್ಯವಹಾರದ ಬಗ್ಗೆ ಒಂದೇ ಮಾತು. ಲಾಭಕ್ಕೆ ತೆರಿಗೆ ಇಲ್ಲದಿದ್ದರೂ, ಸ್ಥಿರಾಸ್ತಿಯ ಮಾರಾಟದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ಕೊಡುವವರು, ಪಡೆಯುವವರು ಇಬ್ಬರಿಗೂ ಕೃಷಿ ಆದಾಯವಿದ್ದು, ಇಬ್ಬರಿಗೂ ತೆರಿಗೆಗೆ ಒಳಪಡುವ ಬೇರೆ ಆದಾಯ ಇಲ್ಲದಿದ್ದರೆ ಮಾತ್ರ ಇದರಿಂದ ಬಿಡುಗಡೆ. ಮುಂಗಡವನ್ನೂ ಬ್ಯಾಂಕಿನ ಮೂಲಕವೇ ಪಡೆಯಿರಿ.

ಕೊನೆಯದಾಗಿ ಜನಗಣತಿ. ಇಷ್ಟು ವರ್ಷ ನಾವು ಬಳಸುತ್ತಿರುವುದು 2011ರ ಅಂಕಿಗಳನ್ನು. ಆ ಗಣತಿಯಲ್ಲಿ ಮೈಸೂರು ನಗರವೂ, 9.43 ಲಕ್ಷ ಜನರಿದ್ದ ಹುಬ್ಬಳ್ಳಿ-ಧಾರವಾಡವೂ 10 ಲಕ್ಷದ ಕೆಳಗೆ ಇದ್ದವು, ಆದ್ದರಿಂದ ಅಲ್ಲಿ ಪರಿಧಿ 6 ಕಿಲೋಮೀಟರ್. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನಾಂಕವಾಗಿ ಗೊತ್ತುಮಾಡಲಾಗಿದೆ. ಅದರ ಅಂಕಿಗಳು ಪ್ರಕಟವಾಗಿ ಮುಂದಿನ ಏಪ್ರಿಲ್ 1 ದಾಟಿದ ಮೇಲೆ ನಡೆಯುವ ಮಾರಾಟಗಳಿಗೆ ಹೊಸ ಜನಸಂಖ್ಯೆಯೇ ಅಳತೆಗೋಲು. 10 ಲಕ್ಷ ದಾಟಿದ ನಗರದ ಸುತ್ತ ಇನ್ನೂ ಎರಡು ಕಿಲೋಮೀಟರ್ ಅಗಲದ ಪಟ್ಟಿಯೂ, 1 ಲಕ್ಷ ದಾಟಿದ ತಾಲ್ಲೂಕು ಪಟ್ಟಣದ ಸುತ್ತ ನಾಲ್ಕು ಕಿಲೋಮೀಟರ್ ಅಗಲದ ಪಟ್ಟಿಯೂ ಹೊಸದಾಗಿ ತೆರಿಗೆಯೊಳಗೆ ಬರುತ್ತದೆ. ನಿಮ್ಮ ಹೊಲ ಅಂಥ ಪಟ್ಟಿಯಲ್ಲಿದ್ದು, ಮಾರಲೇಬೇಕಾದ ಅನಿವಾರ್ಯ ನಿಮಗಿದ್ದರೆ, ಕ್ರಯಪತ್ರದ ದಿನ ಆ ಏಪ್ರಿಲ್ 1ರ ಈಚೆಗೋ ಆಚೆಗೋ ಎಂಬುದನ್ನು ಅಗ್ರಿಮೆಂಟಿಗೆ ಕೈ ಹಾಕುವ ಮೊದಲೇ ಕುಳಿತು ಲೆಕ್ಕ ಹಾಕಿ.